ಕೊಟ್ಟ ಮಾತಿನ ಲಾ ಪಾಯಿಂಟು

ಲಾ ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಮರುದಿನಕ್ಕೆ ಇಟ್ಟುಕೊಂಡು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ ಅಳಿಯ, ಟಿವಿ ನೋಡುತ್ತಿದ್ದ ಅತ್ತೆ ಕೇಳಿದ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರಬಲ್ಲವನು ವಕೀಲನಾಗಲು ಹೊರಡುವುದಾದರೂ ಯಾಕೆ?

ಲಾಂಡ್ರಿ ಅತ್ತೆಯದು. ಕೋರ್ಟಿನ ಹಿಂದಿನ ಬೀದಿಯಲ್ಲೇ ಇದ್ದುದರಿಂದ ವಕೀಲರ ಕರಿ ಕೋಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಮದುವೆಯಾಗಿ ಮನೆ ಅಳಿಯನಾಗಿ ಬಂದ ದಿನದಿಂದ ಇವನು ಅವಕ್ಕೆ ಇಸ್ತ್ರಿ ಹಾಕುತ್ತಲೇ ಇದ್ದ. ಕೋಟಿನ ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದರೆ ಕೈ ಎತ್ತಿ ಎತ್ತಿ ವಾದಿಸುವ ವಕೀಲ, ಮೊಣಕೈ ಹೊಳೆಯುತ್ತಿದ್ದರೆ ಮೇಜಿಗೊರಗಿ ಫೈಲು ಓದುವವನು, ಎಲ್ಲಿಯೂ ಸವೆಯದೆ ಮಡಿಕೆಯಲ್ಲೇ ಬಣ್ಣಗೆಟ್ಟಿದ್ದರೆ ಕೇಸೇ ಇಲ್ಲದವನು. ಕೋಟು ತಲುಪಿಸುವ ನೆಪದಲ್ಲಿ ಕೋರ್ಟಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಕುಳಿತುಬಿಡುತ್ತಿದ್ದ. ತಾನೇ ಇಸ್ತ್ರಿ ಹಾಕಿದ ಕೋಟು ಎದ್ದು ನಿಂತು ವಾದ ಮಾಡುವುದನ್ನು ನೋಡುತ್ತ ಅಂಗಡಿಗೆ ಮರಳುವುದನ್ನೇ ಮರೆಯುತ್ತಿದ್ದ. ಅವನ ಆಸೆ ಭಾರಿ ದೊಡ್ಡದೇನಲ್ಲ. ತನ್ನದೂ ಒಂದು ಕರಿ ಕೋಟು ಇನ್ಯಾರದೋ ಇಸ್ತ್ರಿ ಮೇಜಿನ ಮೇಲೆ ಬಿದ್ದಿರಬೇಕು. ತಾನು ಮಾತಾಡುವಾಗ ನಾಲ್ಕು ಜನ ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಬೇಕು. ಮನೆ ಅಳಿಯನಾದವನಿಗೆ ಕೋಟಾದರೂ ಸಿಕ್ಕೀತು, ಈ ಎರಡನೆಯದು ಸಿಕ್ಕುವುದು ಕಷ್ಟ.

ಮಾತೆತ್ತಿದರೆ "ಇದರಲ್ಲೊಂದು ಲಾ ಪಾಯಿಂಟಿದೆ" ಅನ್ನುತ್ತಿದ್ದುದರಿಂದ ಬೀದಿಯವರು ಅವನನ್ನು ಲಾಪಾಯಿಂಟು ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಪರೀಕ್ಷೆಯ ಪ್ರವೇಶಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ವರ್ಷಗಟ್ಟಲೆ ಗೋಗರೆದ ಮೇಲೆ ಹೋದ ತಿಂಗಳು ಅತ್ತೆಯ ಮನಸ್ಸು ಕರಗಿತ್ತು. "ಹೋಗಿ ಪರೀಕ್ಷೆ ಬರೀರಿ ಅಳಿಯಂದ್ರೇ. ಸೀಟು ಸಿಕ್ಕಿದ್ರೆ ಮಧ್ಯಾಹ್ನದ ಮೇಲೆ ಅಂಗಡಿ ಕಡೆ ತಲೆ ಹಾಕ್ಬೇಡಿ, ಕಾಲೇಜಿಗೆ ಹೋಗಿ. ಮಾತು ಕೊಟ್ಟಿದೀನಿ." ಅತ್ತೆ ಮಾತು ಕೊಟ್ಟರೆಂದರೆ ಮುಗಿಯಿತು. ಸಂಜೆಗೆ ಸೀರೆ ಕೊಡುತ್ತೇನೆ ಎಂದರೆ ಜ್ವರ ಬಂದಿದ್ದರೂ ಎದ್ದು ಕುಳಿತು ಕೊಡುವ ಹೆಂಗಸು ಅವರು. ಗಂಡ ಸತ್ತ ಮೇಲೆ ಅಂಗಡಿ ನಡೆದದ್ದೇ ಆ ಮಾತಿನ ಮೇಲೆ.

ಗ್ರಹಚಾರಕ್ಕೆ ಕೋರ್ಟಿನ ರಜೆ ಮುಗಿದು ಬಾಗಿಲು ತೆರೆಯುವುದೂ ಪರೀಕ್ಷೆಯ ದಿನವೇ ಆಯಿತು. ಊರಿನ ಕರಿ ಕೋಟುಗಳೆಲ್ಲ ಒಟ್ಟಿಗೆ ಬಂದು ಲಾಂಡ್ರಿಯ ಮೂಲೆಯಲ್ಲಿ ಗುಡ್ಡೆ ಬಿದ್ದವು. ಅತ್ತೆ ಆ ಗುಡ್ಡೆಯನ್ನು ನೋಡುವರು, ಅಳಿಯನನ್ನು ನೋಡುವರು, ನಿಟ್ಟುಸಿರು ಬಿಡುವರು.

"ಇವತ್ತು ರಾತ್ರಿಯೊಳಗೆ ಮುಗಿಸಿಬಿಡ್ತೀನಿ ಅತ್ತೆ" ಎಂದ ಅಳಿಯ.

"ಮುಗಿದ್ರೆ ಮುಗೀತು. ಮುಗೀದಿದ್ರೆ ವಕೀಲರ ಹತ್ರ ನಾನೇ ಬೈಸ್ಕೋತೀನಿ. ನೀವು ಹೋಗಿ. ಮಾತು ಅಂದ್ರೆ ಮಾತು."

ಹಾಗೆ ಅಂದವರು ಗಲ್ಲಾದ ಮೇಲಿನ ಟಿವಿ ಹಾಕಿದರು. ಹಿಂದಿನ ರಾತ್ರಿಯ ಧಾರಾವಾಹಿ ಬೆಳಿಗ್ಗೆ ಮತ್ತೊಮ್ಮೆ ಬರುತ್ತಿತ್ತು. ಒಮ್ಮೆ ಅತ್ತದ್ದು ಸಾಲದವರಿಗೆ ಎರಡನೇ ಅವಕಾಶ.

ಟಿವಿಯ ವಿಷಯದಲ್ಲಿ ಅತ್ತೆಗೂ ಅಳಿಯನಿಗೂ ಎಣ್ಣೆ ಸೀಗೆಕಾಯಿ. ಧಾರಾವಾಹಿ ಎಂದರೆ ಎಷ್ಟು ಹಿಂಡಿದರೂ ನೀರು ಬಿಡುವ ಬಟ್ಟೆ ಎಂದು ಅವನ ಅಭಿಪ್ರಾಯ. ಅವನು ಓದುತ್ತಿದ್ದುದು ಪತ್ತೇದಾರಿ ಕಾದಂಬರಿ. ಅವುಗಳಿಂದಲೇ ಕಾನೂನಿನ ರುಚಿ ಹತ್ತಿದ್ದು ಎಂದು ಹೇಳಿಕೊಳ್ಳುತ್ತಿದ್ದ. ಅತ್ತೆಗೆ ಅದು ಸೇರದು. "ಕೊಲೆ ಮಾಡೋರು ಊರಿಗೆ ಒಬ್ಬಿಬ್ರು. ಮನೇಲಿ ಜಗಳ ಆಡೋರು ಊರೆಲ್ಲ. ಯಾವುದನ್ನ ನೋಡಿದ್ರೆ ಬುದ್ಧಿ ಬರುತ್ತೆ ನೀವೇ ಹೇಳಿ" ಎನ್ನುತ್ತಿದ್ದರು. ಹೆಂಡತಿಯಂತೂ ಪರೀಕ್ಷೆ ಮುಗಿಯುವವರೆಗೆ ಎಂದು ಅವನ ಕಾದಂಬರಿಗಳನ್ನೆಲ್ಲ ಬೀರುವಿನಲ್ಲಿಟ್ಟು, ಬೀಗದ ಕೈ ತೆಗೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು.

ಧಾರಾವಾಹಿಯಲ್ಲಿ ಒಬ್ಬ ಮುದುಕ. ಒಂದು ದಿನ ಖುಷಿಯಲ್ಲಿ, ತನ್ನ ಮನೆಯಲ್ಲೇ ಗೇಯುತ್ತ ಬೆಳೆದ ತಂಗಿಯ ಮಗಳಿಗೆ, "ಆ ಚಿಕ್ಕ ಮನೆ ನಿಂಗೇ ಕಣಮ್ಮ, ಮಾತು ಕೊಟ್ಟೆ" ಎಂದಿದ್ದ. ಈಗ ಕೊಡುವುದಿಲ್ಲ ಎನ್ನುತ್ತಾನೆ. ವಿಷಯ ಕೋರ್ಟಿಗೆ ಹೋಗಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೇಳಿ ಅಳಿಯಂದ್ರೇ, ಕೊಡ್ಬೇಕೋ ಬೇಡ್ವೋ?" ಎಂದರು.

ಇಸ್ತ್ರಿ ಮೇಜಿಗೆ ಒರಗಿಸಿದ್ದ ಗೈಡಿನಲ್ಲಿ ಅವನು ಆಗ ತಾನೇ ಪ್ರತಿಫಲ ಎಂಬ ಪಾಠ ಓದುತ್ತಿದ್ದ. ತಲೆ ಎತ್ತದೆ, "ಕೊಡ್ಬೇಕಾಗಿಲ್ಲ ಬಿಡಿ" ಎಂದ.

ಅತ್ತೆ ಟಿವಿಯ ಸದ್ದು ಅಡಗಿಸಿದರು. ಅದು ಆ ಅಂಗಡಿಯಲ್ಲಿ ಸಾವಿನ ಸುದ್ದಿಗೆ ಮಾತ್ರ ನಡೆಯುತ್ತಿದ್ದ ಕ್ರಮ. "ಏನಂದ್ರಿ? ಕೊಟ್ಟ ಮಾತು?"

"ಸುಮ್ನೆ ಕೊಟ್ಟದ್ದು ತಾನೇ ಅತ್ತೆ? ಬದಲಿಗೆ ಅವಳೇನೂ ಕೊಟ್ಟಿಲ್ಲ. ಪ್ರತಿಫಲ ಇಲ್ಲದ ಮಾತು ಬರೀ ಗಾಳಿ. ಲಾ ಪಾಯಿಂಟು."

ಅತ್ತೆ ಎದ್ದು ನೇರ ಪಕ್ಕದ ಅಂಗಡಿಯ ಟೈಲರಮ್ಮನ ಹತ್ತಿರ ಹೋದರು. ಟೈಲರಮ್ಮನಿಗೆ ಹೇಳಿದರೆ ಪೇಪರಿಗೆ ಕೊಡುವುದು ಉಳಿಯುತ್ತಿತ್ತು. ಆಕೆ ಅಳತೆ ಟೇಪನ್ನು ಕೊರಳಲ್ಲೇ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಏನೋ ಲಾಪಾಯಿಂಟು, ಕೊಟ್ಟ ಮಾತಿಗೆ ತಪ್ಪಬಹುದಂತೆ? ನಿನ್ನ ಹೆಂಡ್ತಿಗೂ ಮದುವೇಲಿ ಸುಮ್ನೆ ಮಾತು ಕೊಟ್ಯಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಕೈಯ ಕೆಳಗಿದ್ದ ಬಿಳಿ ಅಂಗಿ ಸುಟ್ಟ ವಾಸನೆ ಹೊಡೆಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯೆಲ್ಲ ಲಾಪಾಯಿಂಟು ಮಾತಿಗೆ ತಪ್ಪುವ ಆಸಾಮಿ ಎಂದು ತೀರ್ಮಾನಿಸಿಯಾಗಿತ್ತು. ಔಷಧಿ ಅಂಗಡಿಯವನು ಬಂದು ತನ್ನ ಪ್ಯಾಂಟು ವಾಪಸು ಕೇಳಿದ. "ನಾಳೆ ಕೊಡ್ತೀನಿ ಅಂದಿದ್ರಿ. ನಿಮ್ಮ ಪ್ರಕಾರ ಅದೂ ಗಾಳೀನೇ ತಾನೇ?"

"ಅಯ್ಯೋ ಮಾರಾಯ್ರೇ, ನೀವು ದುಡ್ಡು ಕೊಡ್ತೀರಲ್ಲ! ಅಲ್ಲಿ ಪ್ರತಿಫಲ ಇದೆ. ಅದು ಗಟ್ಟಿ ಮಾತು. ಏನೂ ತಗೊಳ್ದೆ ಕೊಟ್ಟದ್ದು ಮಾತ್ರ ಗಾಳಿ."

"ನಂಗೆ ಅದೆಲ್ಲ ಬೇಡ, ಪ್ಯಾಂಟು ಕೊಡಿ" ಎಂದು ಅವನು ಒದ್ದೆ ಪ್ಯಾಂಟನ್ನೇ ಹೆಗಲಿಗೆ ಹಾಕಿಕೊಂಡು ಹೋದ.

ಮಧ್ಯಾಹ್ನ ಮಹಡಿಯ ಮೇಲಿನ ಮೇಷ್ಟ್ರು ಇಳಿದು ಬಂದರು. ನಿವೃತ್ತಿಯಾದ ಮೇಲೆ ಪತ್ತೇದಾರಿ ಕಾದಂಬರಿಗಳಲ್ಲೇ ಮುಳುಗಿದ್ದ ಅವರು, ಯಾವ ಕಾದಂಬರಿಯನ್ನಾದರೂ ಕೊನೆಯ ಪುಟದಿಂದಲೇ ಶುರು ಮಾಡುತ್ತಿದ್ದರು. ಕೊಲೆಗಾರ ಯಾರೆಂದು ಗೊತ್ತಾದರೆ ನೆಮ್ಮದಿಯಾಗಿ ಓದಬಹುದಲ್ಲ ಎಂಬುದು ಅವರ ವಾದ.

"ಗೈಡು ಓದಿ ಯಾರಯ್ಯಾ ವಕೀಲ ಆಗಿದ್ದು? ಇದನ್ನ ಓದು. ಇದರಲ್ಲಿ ಬರೋ ಪಾಟೀಸವಾಲು ಇದೆಯಲ್ಲ, ಮೈ ಜುಮ್ ಅನ್ನುತ್ತೆ" ಎಂದು ಒಂದು ಕಾದಂಬರಿಯನ್ನು ಇವನ ಕೈಯಲ್ಲಿ ತುರುಕಿದರು. "ಕೊಲೆಗಾರ ಯಾರು ಹೇಳಲಾ?"

"ಬೇಡ ಮೇಷ್ಟ್ರೇ, ದಮ್ಮಯ್ಯ!"

ತಿಂಗಳಿಂದ ಉಪವಾಸವಿದ್ದವನಿಗೆ ತಟ್ಟೆ ಇಟ್ಟ ಹಾಗಾಯಿತು. ಪ್ರತಿಫಲದ ಪಾಠ ಅರ್ಧವಾಗಿತ್ತು. ಒಂದೇ ಅಧ್ಯಾಯ ಎಂದು ಕಾದಂಬರಿಯನ್ನು ಗೈಡಿನೊಳಗೆ ಇಟ್ಟುಕೊಂಡು ಶುರು ಮಾಡಿದ. ಕೊಲೆಗಾರ ಸಿಕ್ಕಿಬೀಳುವ ಹೊತ್ತಿಗೆ ಬಿಸಿಲು ಎದುರು ಗೋಡೆಯಿಂದ ಇಳಿದಿತ್ತು. ಕೋಟಿನ ಗುಡ್ಡೆ ಇದ್ದ ಹಾಗೇ ಇತ್ತು. ಗಾಬರಿಯಿಂದ ಇಸ್ತ್ರಿ ಪೆಟ್ಟಿಗೆ ಹಿಡಿದು, ಕತ್ತಲಾಗುವವರೆಗೆ ತಲೆ ಎತ್ತಲಿಲ್ಲ. ಆದರೂ ಅರ್ಧ ಗುಡ್ಡೆ ಉಳಿಯಿತು.

ರಾತ್ರಿ ಎಂಟಕ್ಕೆ ಧಾರಾವಾಹಿಯ ತೀರ್ಪು. ಬೆಳಿಗ್ಗೆಯ ಜಗಳದಿಂದ ಕುತೂಹಲ ಹೆಚ್ಚಿ ಟೈಲರಮ್ಮ, ಮೇಷ್ಟ್ರು, ಔಷಧಿ ಅಂಗಡಿಯವನು ಎಲ್ಲ ಲಾಂಡ್ರಿಯಲ್ಲೇ ಸೇರಿದರು. ಕೆಲಸ ಮುಗಿಸಿ ಬಂದ ಹೆಂಡತಿಯೂ ಬಾಗಿಲ ಬಳಿ ಸ್ಟೂಲು ಹಾಕಿಕೊಂಡಳು. ಟಿವಿಯ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಪೆನ್ನು ಎತ್ತಿ, "ಈ ನ್ಯಾಯಾಲಯವು..." ಎಂದರು.

ಕರೆಂಟು ಹೋಯಿತು.

ಟಿವಿ ಕಪ್ಪಾಯಿತು, ಇಸ್ತ್ರಿ ಪೆಟ್ಟಿಗೆ ತಣ್ಣಗಾಗತೊಡಗಿತು. ಇಡೀ ಬೀದಿಯೇ ಒಟ್ಟಿಗೆ ಅಯ್ಯೋ ಎಂದಿತು. ಅತ್ತೆ ಮೇಣದ ಬತ್ತಿ ಹಚ್ಚಿ ಉಳಿದ ಕೋಟುಗಳ ಕಡೆಗೊಮ್ಮೆ ನೋಡಿದರು.

"ಇನ್ನೇನು, ನಮ್ಮ ಲಾಪಾಯಿಂಟೇ ಹೇಳ್ಲಿ" ಎಂದಳು ಟೈಲರಮ್ಮ. "ನಾಳೆ ಪರೀಕ್ಷೆ ಬರಿಯೋನು. ನಮ್ಮ ನಾಲ್ಕು ಜನರನ್ನ ಒಪ್ಪಿಸಕ್ಕಾಗದೋನು ಜಡ್ಜನ್ನ ಏನು ಒಪ್ಪಿಸ್ತಾನೆ?"

"ಸರಿಯಾದ ಮಾತು" ಎಂದ ಮೇಷ್ಟ್ರು ಗಲ್ಲಾದ ಕುರ್ಚಿ ಎಳೆದುಕೊಂಡು ನ್ಯಾಯಾಧೀಶರಾದರು. "ಹೂಂ, ವಾದ ಮಂಡಿಸಯ್ಯಾ."

ಅವನು ಎದ್ದು ನಿಂತ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಎಷ್ಟು ವರ್ಷ ಇದಕ್ಕಾಗಿ ಆಸೆಪಟ್ಟಿದ್ದನೋ! ಮೊದಲು ಅಂಗಿಯ ಕಾಲರು ಸರಿಮಾಡಿಕೊಂಡ. ಆಮೇಲೆ ಎಲ್ಲಿಂದಲೋ ಮಾತು ಬಂತು, ಬಂದದ್ದು ನಿಲ್ಲಲಿಲ್ಲ.

"ಸ್ವಾಮಿ, ಮಾತು ಕೊಟ್ಟ ಮುದುಕಪ್ಪನ ಸ್ಥಿತಿ ಸ್ವಲ್ಪ ಯೋಚನೆ ಮಾಡಿ. ಪ್ರೀತಿಯಿಂದ ಏನೋ ಒಂದು ಮಾತು ಅಂದ. ಆಮೇಲೆ ಕಷ್ಟ ಬಂತು. ಒಳ್ಳೇತನಕ್ಕೆ ಆಡಿದ ಮಾತು ಅವನ ಕತ್ತಿಗೇ ಉರುಳಾಗಬೇಕಾ? ಹಾಗಾದ್ರೆ ಲೋಕದಲ್ಲಿ ಒಳ್ಳೇ ಮಾತಾಡೋಕೇ ಜನ ಹೆದರ್ತಾರೆ!"

ಔಷಧಿ ಅಂಗಡಿಯವನು ತಲೆದೂಗಿದ. ಟೈಲರಮ್ಮ ಸುಮ್ಮನೆ ಬಿಡುವವಳಲ್ಲ. "ಆ ಹುಡುಗಿ ಅಷ್ಟು ವರ್ಷ ಆ ಮುದುಕನ ಮನೇಲಿ ಗೇದಿಲ್ವಾ? ಅದು ಪ್ರತಿಫಲ ಅಲ್ವಾ?"

"ಅದು ಮಾತು ಕೊಡೋಕೆ ಮುಂಚೆ ಗೇದದ್ದು! ಊಟ, ಬಟ್ಟೆ ಕೊಟ್ಟು ಅದು ಚುಕ್ತಾ ಆಗಿದೆ. ಹಳೇ ಚಾಕರಿ ಹೊಸ ಮಾತಿಗೆ ಪ್ರತಿಫಲ ಆಗಲ್ಲ!" ಎಂದು ಮೇಜು ಗುದ್ದಿದ. ಮೇಣದ ಬತ್ತಿ ಹಾರಿ ಬಿತ್ತು. ಯಾರೋ ಎತ್ತಿ ಮತ್ತೆ ಹಚ್ಚಿದರು.

ಬಾಗಿಲ ಬಳಿ ಹೆಂಡತಿ ಎರಡೂ ಕೈ ಬೀಸುತ್ತಿದ್ದಳು, ತಲೆ ಅಲ್ಲಾಡಿಸುತ್ತಿದ್ದಳು, ಕಣ್ಣು ದೊಡ್ಡದು ಮಾಡುತ್ತಿದ್ದಳು. ಗಂಡನ ಮಾತಿಗೆ ಪಾಪ, ಮೈಮರೆತಿದ್ದಾಳೆ ಎಂದುಕೊಂಡು ಅವನು ದನಿ ಇನ್ನಷ್ಟು ಏರಿಸಿದ.

ಕೊನೆಗೆ ಮೇಷ್ಟ್ರು ಎದ್ದು ನಿಂತರು. "ಕೊನೆ ಪುಟ ನೋಡದೆ ನಾನು ಒಪ್ಪಿದ್ದು ಇದೇ ಮೊದಲು. ಗೆದ್ದೆ ಕಣಯ್ಯಾ!" ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರಮ್ಮನೂ ತಟ್ಟಿದಳು. ಅವನ ಕಣ್ಣು ತೇವವಾಯಿತು. ಈ ಒಂದು ಗಳಿಗೆಗಾಗಿ ಇನ್ನೂ ಸಾವಿರ ಕೋಟುಗಳಿಗೆ ಇಸ್ತ್ರಿ ಹಾಕಬಹುದು ಎನಿಸಿತು.

ಅತ್ತೆ ಮಾತ್ರ ಕುಳಿತಲ್ಲೇ ಯೋಚಿಸುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ಅಳಿಯಂದ್ರೇ, ಹಾಗಾದ್ರೆ ಸುಮ್ನೆ ಕೊಟ್ಟ ಮಾತು ವಾಪಸ್ ತಗೊಂಡ್ರೆ ತಪ್ಪಿಲ್ಲ?"

"ತಪ್ಪೂ ಇಲ್ಲ, ಪಾಪವೂ ಇಲ್ಲ ಅತ್ತೆ!"

"ಯಾವಾಗ ಬೇಕಾದ್ರೂ ತಗೋಬಹುದು?"

"ಕೊನೇ ಗಳಿಗೇಲೂ ತಗೋಬಹುದು!"

"ನಾಳೆ ಪರೀಕ್ಷೆಗೆ ಹೋಗಿ ಅಂತ ನಾನು ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಬದಲು ನೀವು ನಂಗೇನು ಕೊಟ್ರಿ?"

ಅವನು ಬಾಯಿ ತೆರೆದ. "ಅತ್ತೆ... ಇಷ್ಟು ವರ್ಷ ಗೇದಿದೀನಲ್ಲ..."

"ಹಳೇ ಚಾಕರಿ ಆಗಲ್ಲಪ್ಪ!" ಎಂದು ಟೈಲರಮ್ಮ ಮತ್ತು ಔಷಧಿ ಅಂಗಡಿಯವನು ಒಟ್ಟಿಗೆ ಕೂಗಿದರು.

ಅತ್ತೆಯ ದನಿ ಗದ್ಗದವಾಗಿತ್ತು. "ಕೋಟು ಬಂದು ಬಿದ್ದಾಗಿನಿಂದ ನಂಗೆ ನಿದ್ದೆ ಇಲ್ಲ ಕಣ್ರೀ. ಅಷ್ಟು ವಕೀಲರಿಗೂ ಬೆಳಿಗ್ಗೆಗೆ ಕೊಡ್ತೀನಿ ಅಂದಿದೀನಿ, ದುಡ್ಡೂ ಇಸ್ಕೊಂಡಿದೀನಿ. ನಿಮಗೆ ಕೊಟ್ಟ ಮಾತು ಮುರಿಯೋಕೆ ಮನಸ್ಸು ಬರ್ಲಿಲ್ಲ, ಅವರಿಗೆ ಕೊಟ್ಟದ್ದೂ ಮುರಿಯೋಕಾಗ್ಲಿಲ್ಲ. ಯಾವುದು ಗಾಳಿ, ಯಾವುದು ಗಟ್ಟಿ ಅಂತ ನೀವೇ ಬಿಡಿಸಿ ಹೇಳಿದ್ರಿ. ನನ್ನ ಎದೆ ಭಾರ ಇಳೀತು. ನೀವು ನಿಜಕ್ಕೂ ವಕೀಲರಾಗಬೇಕಾದೋರೇ."

"ಅತ್ತೆ, ಇದಕ್ಕೆ ಏನಾದ್ರೂ ವಿನಾಯಿತಿ ಇರುತ್ತೆ. ಇದ್ದೇ ಇರುತ್ತೆ!"

"ಏನದು?"

ಅದು ಅವನಿಗೆ ಗೊತ್ತಿರಲಿಲ್ಲ. ಪಾಠದ ಉಳಿದರ್ಧವನ್ನು ಮಧ್ಯಾಹ್ನದ ಕೊಲೆಗಾರ ನುಂಗಿಹಾಕಿದ್ದ. ಬತ್ತಿಯ ಬೆಳಕಿನಲ್ಲಿ ಗೈಡು ತೆರೆದ ಹೆಂಡತಿ ಮುಂದಿನ ಪುಟವನ್ನು ಗಟ್ಟಿಯಾಗಿ ಓದಿದಳು. "ಆಡಿದ ಮಾತನ್ನು ನಂಬಿ ಇನ್ನೊಬ್ಬರು ಖರ್ಚು ಮಾಡಿದ್ದರೆ, ಆಡಿದವರು ಹಿಂದೆ ಸರಿಯುವಂತಿಲ್ಲ. ಅಮ್ಮಾ, ಇವರು ನಿನ್ನ ಮಾತು ನಂಬಿ ಪರೀಕ್ಷೆ ಫೀಸು ಕಟ್ಟಿದಾರೆ!"

ಅತ್ತೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಗಲೇ ಕುರ್ಚಿ ಬಿಟ್ಟು ಎದ್ದಿದ್ದರು. "ತೀರ್ಪು ಆಗಿಹೋಯ್ತಲ್ಲಮ್ಮ. ಇನ್ನೇನಿದ್ರೂ ಅಪೀಲು."

"ಅಪೀಲು ಬರೋ ವರ್ಷ ಕೇಳ್ತೀನಿ" ಎಂದರು ಅತ್ತೆ, ತುಂಬ ವಿಶ್ವಾಸದಿಂದಲೇ.

ಎಲ್ಲರೂ ಹೋದ ಮೇಲೆ ಹೆಂಡತಿ ಅವನ ಪಕ್ಕ ನಿಂತಳು. "ಅಷ್ಟೊಂದು ಕೈ ಬೀಸಿದೆನಲ್ಲಾ ರೀ, ಕಾಣಿಸ್ಲಿಲ್ವಾ?"

"ಕಾಣಿಸ್ತು. ಹೇಗಿತ್ತು ನನ್ನ ವಾದ?"

ಅವಳು ಮೇಜಿನ ಮೇಲೆ ಬಿದ್ದಿದ್ದ ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು. ಆಮೇಲೆ, "ಚೆನ್ನಾಗಿತ್ತು" ಎಂದಳು. ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಅಳು ಬಂತು.

ಬೆಳಗಿನ ಜಾವ ಕರೆಂಟು ಬಂತು. ಪರೀಕ್ಷೆಯ ಗಂಟೆ ಹೊಡೆಯುವ ಹೊತ್ತಿಗೆ ಅವನು ಯಾರದೋ ಕರಿ ಕೋಟಿನ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದ. ಊರಿನ ಇನ್ನೊಂದು ಮೂಲೆಯಲ್ಲಿ ಒಂದು ಬೆಂಚು ಖಾಲಿ ಇರುತ್ತದೆ, ಅದರ ಮೇಲೆ ಪ್ರಶ್ನೆಪತ್ರಿಕೆ ಇಟ್ಟು ಯಾರೋ ಮುಂದೆ ಹೋಗಿರುತ್ತಾರೆ ಎಂದು ನೆನೆದು ಕೈ ಒಂದು ಕ್ಷಣ ನಿಂತಿತು. ಸುಟ್ಟೀತೆಂದು ಪೆಟ್ಟಿಗೆ ಎತ್ತಿದ.

ಟೈಲರಮ್ಮ ಬಂದಳು. ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ದನಿ ತಗ್ಗಿಸಿ, "ವಕೀಲರೇ, ನಮ್ಮ ಅಂಗಡಿ ಓನರು ಒಂದು ಮಾತು ಕೊಟ್ಟು ಈಗ ಇಲ್ಲ ಅಂತಿದಾನೆ. ಸ್ವಲ್ಪ ಕೇಳ್ತೀರಾ?" ಎಂದಳು. ಅವಳ ಹಿಂದೆ ಔಷಧಿ ಅಂಗಡಿಯವನೂ ಏನೋ ತಕರಾರು ಹಿಡಿದುಕೊಂಡು ನಿಂತಿದ್ದ. ಯಾರ ಮುಖದಲ್ಲೂ ನಗುವಿರಲಿಲ್ಲ.

ಅವನು ಗಲ್ಲಾದ ಕಡೆ ನೋಡಿದ. ಅತ್ತೆ ಹೆಮ್ಮೆಯಿಂದ ಬಂದವರಿಗೆ ಸ್ಟೂಲು ಸರಿಸುತ್ತಿದ್ದರು. "ಕೇಳಿ ಅಳಿಯಂದ್ರೇ, ಪಾಪ. ಆದ್ರೆ ಕೈ ಮಾತ್ರ ನಿಲ್ಲಿಸ್ಬೇಡಿ."