ಬಾಗಿಲು ತೆರೆಯದೆ ಚಿತ್ರ ಮುಗಿಸಿದ ಮಹನೀಯರಿಗೆ

ನಮ್ಮ ಮತಾನ್ಸಾಸ್ ನಗರದ ಚಿತ್ರೋತ್ಸವದಲ್ಲಿ ಕಳೆದ ಗುರುವಾರ ಮಧ್ಯಾಹ್ನ ಪ್ರದರ್ಶನಗೊಂಡ, ಕೊನೆಯೇ ಇಲ್ಲದ ಚಿತ್ರದ ಯುವ ನಿರ್ದೇಶಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕ್ಯಾಮೆರಾವೂ ತಮ್ಮ ಆ ಬಾಚದ ಗಡ್ಡವೂ ಕ್ಷೇಮವೆಂದು ನಂಬಿ, ಎಪ್ಪತ್ತೊಂದು ವರ್ಷದ ದರ್ಜಿ ಒಬ್ದುಲಿಯಾ ಪೆದ್ರೋಸೊ ಎಂಬ ನಾನು, ಮೊಣಕಾಲು ನೋವನ್ನೂ ಲೆಕ್ಕಿಸದೆ ಎದ್ದು ನಿಂತು ಮಾಡುವ ನಮಸ್ಕಾರಗಳು. ತಮ್ಮ ಚಿತ್ರದ ಹೆಸರು ಬರೆಯಲಾಗದ್ದಕ್ಕೆ ಕ್ಷಮೆಯಿರಲಿ. ಕನ್ನಡಕ ಮನೆಯಲ್ಲಿತ್ತು, ಏಕೆಂದರೆ ನಾನು ಹೊರಟಿದ್ದು ಕೋಳಿ ತರಲಿಕ್ಕೆ.

ಸಾಲು ಕಂಡಲ್ಲಿ 'ಕೊನೆಯವರು ಯಾರು?' ಎಂದು ಕೂಗಿ, ಕೈ ಎತ್ತಿದವರ ಮುಖ ನೆನಪಿಟ್ಟುಕೊಂಡು ಜಾಗ ಹಿಡಿದ ಮೇಲಷ್ಟೇ ಅಲ್ಲಿ ಏನು ಕೊಡುತ್ತಿದ್ದಾರೆಂದು ವಿಚಾರಿಸುವುದು ನಮ್ಮೂರಿನವರ ಹುಟ್ಟುಗುಣವೆಂದು ತಮಗೂ ಗೊತ್ತು. ಅಂದು ಚೌಕದ ಕಮಾನುಗಳ ಕೆಳಗೆ ಕೈ ಎತ್ತಿದವರು ಚೌಕಳಿ ಟೋಪಿಯ ಒಬ್ಬ ಮಹಾಶಯರು. ಕೋಳಿ ಬಂದಿದೆಯೆಂದು ಬೆಳಿಗ್ಗೆಯೇ ಸುದ್ದಿ ಹಬ್ಬಿದ್ದರಿಂದ ನಾನು ವಿಚಾರಿಸುವ ಗೋಜಿಗೂ ಹೋಗದೆ, ಮೆಟ್ಟಿಲ ಮೇಲೆ ಕುಳಿತು ಆ ಟೋಪಿಯನ್ನೇ ಕಾಯುತ್ತಿದ್ದೆ. ಟೋಪಿ ಎದ್ದಿತು, ನಾನೂ ಎದ್ದೆ. ಬಾಗಿಲಲ್ಲಿ ಹತ್ತು ಪೆಸೊ ಕೇಳಿದಾಗ, ಕೋಳಿ ಇಷ್ಟು ಅಗ್ಗವಾಯಿತೇ ಎಂದು ಅಂಗಡಿಯವರ ಮಕ್ಕಳುಮರಿಯನ್ನೆಲ್ಲ ಮನಸ್ಸಿನಲ್ಲೇ ಹರಸಿದೆ. ಒಳಗೆ ಕತ್ತಲಿದ್ದಾಗ, ಮಾಂಸ ಕೆಡದಿರಲೆಂದು ಹೀಗೆ ಇಟ್ಟಿರಬೇಕು ಎಂದುಕೊಂಡೆ. ಮೆತ್ತನೆಯ ಕುರ್ಚಿ ತೋರಿಸಿದಾಗ ಮಾತ್ರ ಸಣ್ಣ ಅನುಮಾನ ಬಂತು. ಅಷ್ಟರಲ್ಲಿ ತೆರೆ ಬೆಳಗಿತು.

ತಮ್ಮ ಕಲೆಯನ್ನು ಮೊದಲು ಹೊಗಳಲೇಬೇಕು. ಒಂದು ಬಕೆಟ್ಟು ತುಂಬಿ, ಉಕ್ಕಿ, ನೀರು ಅಂಗಳವೆಲ್ಲ ಹರಿಯುವುದನ್ನು ತಾವು ಒಂದೂ ಮಾತಿಲ್ಲದೆ ನಾಲ್ಕು ನಿಮಿಷ ತೋರಿಸಿದಿರಿ. ನಾಲ್ಕು ದಿನಕ್ಕೊಮ್ಮೆ ನೀರು ಕಾಣುವ ಬಡಾವಣೆಯ ಇನ್ನೂರು ಮಂದಿ ಎದೆ ಹಿಡಿದುಕೊಂಡು, "ಯಾರಾದ್ರೂ ಆ ನಲ್ಲಿ ನಿಲ್ಲಿಸ್ರಪ್ಪಾ!" ಎಂದು ತೆರೆಗೆ ಅಂಗಲಾಚಿದರು. ಅಷ್ಟು ಭಯಾನಕವಾದ ದೃಶ್ಯವನ್ನು ನಾನು ಯಾವ ದೆವ್ವದ ಚಿತ್ರದಲ್ಲೂ ಕಂಡಿಲ್ಲ.

ಆದರೆ ಮಾನ್ಯರೇ, ನನ್ನ ಮನೆಯ ಸಂಗತಿ ತಮಗೆ ಹೇಳಿದವರು ಯಾರು? ತಮ್ಮ ಚಿತ್ರದ ಹುಡುಗಿಗೆ, ಮಗಳು ದೊಡ್ಡವಳಾದಳೆಂದು ನಮ್ಮವರು ಊರಿಗೆಲ್ಲ ಸಾರುವ ಆ ಹದಿನೈದು ತುಂಬಲಿದೆ, ಅಜ್ಜಿಗೆ ತಾನೇ ಗೌನು ಹೊಲಿದು ಊರೇ ಬೆರಗಾಗುವಂಥ ಹುಟ್ಟುಹಬ್ಬ ಮಾಡಬೇಕು, ಹುಡುಗಿಗೆ ಮಾವನ ದೋಣಿಯಲ್ಲಿ ಮೀನು ಹಿಡಿಯಬೇಕು. ನನ್ನ ಮೊಮ್ಮಗಳು ಯಾನೆಲಿಸ್‌ಗೂ ಹದಿನೈದು ತುಂಬಲಿದೆ. ಅವಳ ತಾಯಿ ತನ್ನ ಹದಿನೈದರ ಹಬ್ಬಕ್ಕೆ ತೊಟ್ಟಿದ್ದ ಗುಲಾಬಿ ಗೌನನ್ನು ಮೂರು ತಿಂಗಳಿಂದ ಬಿಚ್ಚಿ ಹೊಲಿಯುತ್ತಿದ್ದೆ. ಆ ಗುರುವಾರಕ್ಕೆ ಹನ್ನೊಂದು ದಿನ ಮುಂಚೆ ಯಾನೆಲಿಸ್ ಅಡುಗೆಮನೆಯ ಕತ್ತರಿಯಿಂದ ಜಡೆಯನ್ನು ಕಚಕ್ಕನೆ ಕತ್ತರಿಸಿಕೊಂಡು, "ಆ ಕೇಕಿನಂಥ ಗೌನನ್ನ ನಾನು ಹಾಕ್ಕೊಳಲ್ಲ" ಎಂದಳು. "ಹಾಗಾದ್ರೆ ನನ್ನನ್ನ ಅಜ್ಜಿ ಅಂತ ಕರೀಬೇಡ" ಎಂದೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದ ಹುಡುಗಿ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದಳು.

ಹೀಗಿರುವಾಗ ತೆರೆಯ ಅಜ್ಜಿ ಮೊಮ್ಮಗಳಿಗೆ ಮನೆಯ ಬಾಗಿಲು ಹಾಕಿದ್ದೇ ತಡ, ಸಭಾಂಗಣವೆಲ್ಲ "ಬಿಡೇ ಮುದುಕಿ ಆ ಮಗೂನ!" ಎಂದು ಅಬ್ಬರಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೋಳಿಗೆಂದು ತಂದ ಖಾಲಿ ಚೀಲ ಹಿಡಿದು ಎದ್ದು ನಿಂತೆ.

"ಆ ಗೌನಿಗೆ ಎಷ್ಟು ಹೊಲಿಗೆ ಹಾಕಿದಾಳೆ ಅಂತ ಗೊತ್ತೇನ್ರೋ ನಿಮಗೆ?"

ಹಿಂದಿನ ಸಾಲಿನಿಂದ, ಆ ಹೊತ್ತಿನಲ್ಲಿ ಶಾಲೆಯ ರಸಾಯನಶಾಸ್ತ್ರದ ತರಗತಿಯಲ್ಲಿ ಇರಬೇಕಾಗಿದ್ದ, ನಾನು ಚೆನ್ನಾಗಿ ಬಲ್ಲ ಒಂದು ಧ್ವನಿ ಎದ್ದಿತು: "ಹೊಲಿ ಅಂದೋರ್ಯಾರು? ಅವಳನ್ನ ಒಂದ್ಸಲನಾದ್ರೂ ಕೇಳಿದ್ಲಾ?"

"ಕೇಳಿದ್ರೆ ಬೇಡ ಅಂತಾಳಲ್ಲ, ಅದಕ್ಕೇ ಕೇಳ್ಲಿಲ್ಲ!"

ಸಭಾಂಗಣ ಚಪ್ಪಾಳೆ ತಟ್ಟಿತು. ಚೌಕಳಿ ಟೋಪಿಯವರು ನನ್ನ ಕಡೆ ತಿರುಗಿ, "ತಾಯೀ, ನೀವೂ ಈ ಸಿನಿಮಾದಲ್ಲಿ ಇದೀರಾ?" ಎಂದು ಭಕ್ತಿಯಿಂದ ಕೇಳಿದರು. ಆಗ ಹಿಂದಿನ ಧ್ವನಿ ಸ್ವಲ್ಪ ಒಡೆದು, "ಅವಳು ಬೇಡ ಅಂದಿದ್ದು ಗೌನನ್ನ, ಅಜ್ಜೀನ ಅಲ್ಲ!" ಎಂದಿತು. ನಾನು ಕುಳಿತುಬಿಟ್ಟೆ.

ಅಂಥ ಹೊತ್ತಿನಲ್ಲಿ ತಾವು ಮಾಡಿದ್ದೇನು? ಹುಡುಗಿ ತಿರುಗಿ ಬಂದಳು, ಬಾಗಿಲ ಮುಂದೆ ನಿಂತಳು, ತಟ್ಟಲು ಕೈ ಎತ್ತಿದಳು, ಮತ್ತು ತೆರೆ ಕಪ್ಪಾಯಿತು! ಉಣ್ಣಲು ಕೂರಿಸಿ, ಎಲೆ ಹಾಕಿ, ಎಬ್ಬಿಸಿ ಕಳಿಸಿದ ಹಾಗೆ. ಇನ್ನೂರು ಮಂದಿ ಒಂದೇ ದನಿಯಲ್ಲಿ "ಅಷ್ಟೇನಾ?" ಎಂದರು. ಅಜ್ಜಿ ಬಾಗಿಲು ತೆರೆದಳೇ ಎಂದು ಕೇಳಿದರೆ, ತಾವು ವೇದಿಕೆಯ ಮೇಲೆ ಗಡ್ಡ ಸವರಿಕೊಂಡು, "ಅದರ ಉತ್ತರಾನ ಪ್ರೇಕ್ಷಕರೇ ಕಂಡ್ಕೋಬೇಕು" ಎಂದು ಅಪ್ಪಣೆ ಕೊಡಿಸಿದಿರಿ.

ಆದ್ದರಿಂದ ನನ್ನ ವಿನಮ್ರ ಬೇಡಿಕೆ: ಆ ಅಜ್ಜಿಗೆ ತನ್ನ ಕಡೆಯ ಮಾತು ಹೇಳಲು ತಮ್ಮ ಚಿತ್ರದಲ್ಲಿ ನಾಲ್ಕು ನಿಮಿಷ ಕೊಡಿ, ಬಕೆಟ್ಟಿಗೆ ಕೊಟ್ಟಷ್ಟೇ ಸಾಕು. ಆಗದಿದ್ದರೆ ಆ ಬಾಗಿಲನ್ನೇ ಕಳಚಿ ನನ್ನ ವಿಳಾಸಕ್ಕೆ ಕಳಿಸಿ, ನಾನೇ ತೆರೆದು ಹಿಂದಿರುಗಿಸುತ್ತೇನೆ.

ತಾವು ಬಾಗಿಲ ಹೊರಗನ್ನಷ್ಟೇ ತೋರಿಸಿದಿರಿ. ಒಳಗೇನಿರುತ್ತದೆಂದು ನಾನು ಹೇಳುತ್ತೇನೆ, ಬರೆದುಕೊಳ್ಳಿ. ಅಂದು ನಾನು ಮೊಮ್ಮಗಳಿಗಿಂತ ಮೊದಲು ಮನೆ ಸೇರಿ ಅಗುಳಿ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿನಲ್ಲಿ ಅವಳ ಎರಡು ಬೂಟು ಕಂಡವು. ಅವಳು ತಟ್ಟಲಿಲ್ಲ. ಒಳಗೆ ಒಬ್ಬ ಮುದುಕಿ ಅಗುಳಿಯ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು, ಒಮ್ಮೆ ತಟ್ಟೇ ತಾಯಿ, ಒಂದೇ ಒಂದು ಸಲ ತಟ್ಟೇ ಎಂದು ಬೇಡುತ್ತ ನಿಂತಿರುತ್ತಾಳೆ. ತಮ್ಮ ಕಪ್ಪು ತೆರೆಯ ಹಿಂದೆ ಇರುವುದು ಇದು.

ಕಾಯಲು ನನಗೆ ವಯಸ್ಸಿಲ್ಲ. ನಾನೇ ತೆರೆದೆ. ಅವಳು ನನ್ನ ಖಾಲಿ ಚೀಲವನ್ನು ನೋಡಿ, ಕತ್ತರಿಸಿದ ಕೂದಲು ಕೆರೆದುಕೊಂಡು, ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ನನ್ನನ್ನು ಕರೆದು ಕೇಳಿದಳು: "ಕೋಳಿ ಸಿಕ್ತಾ, ಅಜ್ಜೀ?"

ಕರಿ ಹುರುಳಿ ಮತ್ತು ಅನ್ನವನ್ನೇ ನಗುತ್ತ ಉಂಡೆವು.

ಕೋಳಿ ಕಳೆದುಕೊಂಡರೂ ಕೃತಜ್ಞಳಾದ,
ತಮ್ಮ ವಿಶ್ವಾಸಿ,
ಒಬ್ದುಲಿಯಾ ಪೆದ್ರೋಸೊ

ತಾ.ಕ.: ಹದಿನೈದರ ಫೋಟೋ ತೆಗೆಯುವ ದಿನ ಅವಳು ಕೊನೆಗೆ ಆ ಗುಲಾಬಿ ಗೌನು ತೊಟ್ಟಳೇ, ಇಲ್ಲವೇ ಎಂದು ತಮಗೆ ಕುತೂಹಲ ಹುಟ್ಟಿರಬಹುದು. ಅದರ ಉತ್ತರವನ್ನು ನಿರ್ದೇಶಕರೇ ಕಂಡುಕೊಳ್ಳಬೇಕು.