ಒಬ್ಬರಿಗೆ ಒಂದೇ ಚೀಲ

ಪ್ಯಾಕಿಂಗ್ ಮೇಸ್ತ್ರಿಯವರಿಗೆ ಸಿಟ್ಟು ಬಂದಿತ್ತು. ಸಿಟ್ಟು ಬರುವುದು ಅವರಿಗೇನೂ ಹೊಸದಲ್ಲ. ಹಾಲು ಉಕ್ಕಿದರೆ ಹಾಲಿನ ಮೇಲೆ, ಉಕ್ಕದಿದ್ದರೆ ಒಲೆಯ ಮೇಲೆ, ಹೇಗೂ ಬೆಳಗಾಗುತ್ತಲೇ ಒಂದು ಸುತ್ತು ಬಂದು ಹೋಗುತ್ತದೆ. ಆದರೆ ಆ ಭಾನುವಾರ ಬಂದದ್ದು ಹಾಗೆ ಬಂದು ಹೀಗೆ ಹೋಗುವ ಸಿಟ್ಟಾಗಿರಲಿಲ್ಲ. ಅದು ಫೋನಿನಲ್ಲಿ ಬಂದ ಸಿಟ್ಟು.

ಫೋನ್ ಮಾಡಿದವರು ಹೆಂಡತಿಯ ತಮ್ಮ. ಹಲ್ಲಿನ ಡಾಕ್ಟರು. ಊರಿನವರ ಬಾಯೊಳಗೆ ಕೈಹಾಕಿ ಸಂಪಾದಿಸಿದ್ದನ್ನೆಲ್ಲ ಸುರಿದು ಅವರೊಂದು ಪುಟ್ಟ ಹಾಯಿದೋಣಿ ಕೊಂಡಿದ್ದರು. ಉತ್ತರದ ತಣ್ಣನೆಯ ಸಮುದ್ರದಲ್ಲಿ, ದಂಡೆಯ ಗುಂಟ ಒಂದು ವಾರ ಸುತ್ತಿ ಬರೋಣ, ಅಕ್ಕ ಭಾವ ಇಬ್ಬರೂ ಬನ್ನಿ ಅಂತ ಕರೆದಿದ್ದರು. ಕರೆದದ್ದಕ್ಕೆ ಸಿಟ್ಟಿಲ್ಲ. ಕರೆದ ಮೇಲೆ ಹೇಳಿದ ಮಾತಿಗೆ ಸಿಟ್ಟು.

"ಅಕ್ಕ, ಒಬ್ಬರಿಗೆ ಒಂದೇ ಚೀಲ. ಮೆತ್ತಗಿರಬೇಕು, ಗಾಲಿ ಇರಬಾರದು. ಭಾವನಿಗೆ ಬಿಡಿಸಿ ಹೇಳು. ಇದು ದೋಣಿ, ಅವರ ಗೋದಾಮಲ್ಲ."

ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರ್ ಹಾಕಿಕೊಂಡು ಕೂತಿತ್ತು. ಭಾವನವರು ಅದರ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದರು. (ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಎಂದು ಆಮೇಲೆ ಹೇಳಿದರು.)

ಇಲ್ಲಿ ಅವರ ಕೆಲಸದ ವಿಚಾರ ಹೇಳಬೇಕು. ಅವರು ಪಿಂಗಾಣಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಸ್ತ್ರಿ. ಅವರ ಕೈಯಲ್ಲಿ ಕಟ್ಟಿಸಿಕೊಂಡ ಕಪ್ಪುಗಳು ಏಳು ಸಮುದ್ರ ದಾಟಿದರೂ ಒಂದರ ಹಿಡಿಯೂ ಮುರಿಯುವುದಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ, ಒಮ್ಮೆ ತೂಗಿ, ಒಳಗಿರುವುದು ಊಟದ ತಟ್ಟೆಯೋ ಸೂಪಿನ ಬಟ್ಟಲೋ ಅಂತ ಬಿಚ್ಚದೆಯೇ ಹೇಳುತ್ತಾರೆ. ಬಿಚ್ಚಿ ನೋಡಿ ಹೇಳುವವನು ಪ್ಯಾಕರೇ ಅಲ್ಲ ಅನ್ನುವುದು ಅವರ ಸಿದ್ಧಾಂತ. ಅಂಥ ಮಹಾನುಭಾವರಿಗೆ ಚೀಲ ಕಟ್ಟುವ ಪಾಠ ಹೇಳಲು ಹೊರಟವನು ಯಾರು? ಯಾರ ಹಾಲುಹಲ್ಲು ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರೋ ಅವನು.

"ಒಂದು ಸಲ, ಒಂದೇ ಸಲ ಇಸ್ತ್ರಿಪೆಟ್ಟಿಗೆ ತಗೊಂಡು ಹೋಗಿದ್ದೆ ಅವನ ಮನೆಗೆ," ಅಂದರು ಮೇಸ್ತ್ರಿ, ಚಾಕು ಹಿಡಿದುಕೊಂಡೇ. "ಅದನ್ನೇ ಇಟ್ಕೊಂಡು ಇವತ್ತಿನವರೆಗೂ ಆಡ್ತಾನಲ್ಲ."

"ಇಸ್ತ್ರಿಪೆಟ್ಟಿಗೆ, ಇಸ್ತ್ರಿ ಮಾಡೋ ಮೇಜು, ಎರಡು ಫ್ಯಾನು," ಅಂದರು ಹೆಂಡತಿ. "ನಾವು ಹೋಗಿದ್ದು ಎರಡು ದಿನಕ್ಕೆ."

ಅವತ್ತೇ ಮೇಸ್ತ್ರಿಯವರು ಘೋರ ಪ್ರತಿಜ್ಞೆ ಮಾಡಿದರು. ದೋಣಿ ಹತ್ತುವಾಗ ತಮ್ಮ ಚೀಲ ಕಂಡು ಆ ಹಲ್ಲಿನವನ ಬಾಯಿ ಕಟ್ಟಬೇಕು. ಗೋದಾಮು ಅಂದ ಮಾತನ್ನು ಅವನೇ ತನ್ನ ಬಾಯಾರೆ ವಾಪಸ್ಸು ತೆಗೆದುಕೊಳ್ಳಬೇಕು. ಸಮುದ್ರ, ಹಾಯಿ, ಸೂರ್ಯಾಸ್ತ ಯಾವುದೂ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಅದೊಂದೇ.

ಮಾರನೆಯ ದಿನದಿಂದ ಮನೆಯಲ್ಲಿ ತೂಕ ಇಳಿಸುವ ಯಜ್ಞ ಶುರುವಾಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಅರ್ಧಕ್ಕೆ ಕೊಯ್ದರು. ಸೋಪನ್ನು ಬಿಸ್ಕತ್ತಿನಷ್ಟು ತುಂಡು ಮಾಡಿದರು. ಟವೆಲ್ಲಿಗೆ ಕತ್ತರಿ ಹಾಕಿ ಕರವಸ್ತ್ರದ ದೊಡ್ಡಣ್ಣನ ಹಾಗೆ ಮಾಡಿದರು. ಮೈಮೇಲೊಂದು ಅಂಗಿ, ಚೀಲದಲ್ಲೊಂದು ಅಂಗಿ, ಒಂದು ಪ್ಯಾಂಟು, ಒಳಬಟ್ಟೆ. ಅಲ್ಲಿಗೆ ಮುಗಿಯಿತು. ಚೀಲವನ್ನು ಕಿರುಬೆರಳಲ್ಲಿ ನೇತುಹಾಕಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ಮೆರವಣಿಗೆ ಹೋದರು.

"ಸ್ವೆಟರ್ರು?" ಅಂದರು ಹೆಂಡತಿ.

"ಬೇಸಿಗೇಲಿ ಯಾವ ಸ್ವೆಟರ್ರು?"

"ಆ ನೀರು ಬೇಸಿಗೇಲೂ ತಣ್ಣಗಿರುತ್ತಂತೆ ರೀ."

"ನೀರು ತಣ್ಣಗಿದ್ರೆ ನಂಗೇನು? ನಾನು ಕೂರೋದು ದೋಣೀಲಿ ತಾನೆ?"

ಹೆಂಡತಿ ಮಾತು ಬೆಳೆಸಲಿಲ್ಲ. ಅವರು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಬೇಡ ಅಂತ ಬಾಯಿ ಬಿಗಿಹಿಡಿದವರ ಜೊತೆ ವಾದ ಮಾಡುವುದು ದಂಡ ಅಂತ ಅವರಿಗೆ ಗೊತ್ತು. ರಜೆ ಸಿಗದೆ ಎಷ್ಟೋ ಕಾಲವಾಗಿತ್ತು. ಮೇಲಿನವರ ಕೈಕಾಲು ಹಿಡಿದು ಹೇಗೋ ಈ ಒಂದು ವಾರ ಗಿಟ್ಟಿಸಿಕೊಂಡಿದ್ದರು. ಅದು ಗಂಡನ ಮೂಗು ಒರೆಸುವುದರಲ್ಲಿ ಕಳೆಯಬಾರದು ಅನ್ನುವುದಷ್ಟೇ ಅವರ ಆಸೆ.

ತಮ್ಮ ಚೀಲ ಮುಗಿದ ಮೇಲೆ ಮೇಸ್ತ್ರಿಯವರ ಕಣ್ಣು ಹೆಂಡತಿಯ ಚೀಲದ ಮೇಲೆ ಬಿತ್ತು. ಮಂಚದ ಮೇಲೆ ಅದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಇವರು ಒಂದು ಕೈ ನೋಡಿಯೇಬಿಟ್ಟರು. ಛತ್ರಿ ಹೊರಗೆ ಬಂತು. ಎರಡನೇ ಜೊತೆ ಚಪ್ಪಲಿ ಬಂತು. ಬಿಸಿನೀರು ತುಂಬಿಕೊಳ್ಳುವ ರಬ್ಬರಿನ ಚೀಲ ಬಂತು. ದಪ್ಪ ಕಾದಂಬರಿಯೊಂದು ಬಂತು.

"ಇದನ್ನ ಅಲ್ಲಿ ಓದ್ತೀಯ?"

"ಇಲ್ಲಿ ಓದೋಕೆ ಬಿಟ್ಟಿದ್ದೀರ?"

"ಅರ್ಧ ಹರಿದು ತಗೊಂಡು ಹೋಗು. ಒಂದು ವಾರಕ್ಕೆ ಅರ್ಧ ಸಾಕು."

ನರ್ಸಮ್ಮನವರು ಕಾದಂಬರಿ ಕಸಿದುಕೊಂಡು ಚೀಲದೊಳಗೆ ತುರುಕಿದರು. ಅದರ ಹಿಂದೆಯೇ ರಬ್ಬರಿನ ಚೀಲ, ಚಪ್ಪಲಿ, ಛತ್ರಿ.

"ನೋಡಿ, ಈಗಲೇ ಹೇಳ್ತಿದ್ದೀನಿ. ಒಬ್ಬರಿಗೆ ಒಂದು ಚೀಲ ಅಂದಿದ್ದಾನೆ, ನಂದೂ ಒಂದೇ ಚೀಲ. ಅದರೊಳಗೆ ನಾನು ಕಲ್ಲಾದ್ರೂ ತುಂಬ್ಕೋತೀನಿ. ಇನ್ನೊಂದ್ಸಲ ಇದಕ್ಕೆ ಕೈ ಹಾಕಿದ್ರೆ ನಾನು ಮನುಷ್ಯಳಾಗಿರಲ್ಲ."

ಮೇಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡರು. ಆದರೆ ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ. ತಮ್ಮದು ಗರಿಯಂಥ ಚೀಲ, ಪಕ್ಕದಲ್ಲಿ ಇವಳದ್ದು ಕುಂಬಳಕಾಯಿ. ಅವನು ನೋಡುವುದು ಕುಂಬಳಕಾಯಿಯನ್ನೇ. ನಗುವುದು ತಮ್ಮನ್ನು ಕಂಡೇ. ಕಾರ್ಖಾನೆಯ ಮರ್ಯಾದೆ, ಇಡೀ ಪ್ಯಾಕಿಂಗ್ ಕುಲದ ಮರ್ಯಾದೆ ನೀರುಪಾಲು.

ಹೊರಡುವ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದರು. ಒಳಗೆ ನೀರು ಬಿಟ್ಟ ಸದ್ದು ಕೇಳಿದ್ದೇ ತಡ, ಮೇಸ್ತ್ರಿ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಚೀಲದ ಜಿಪ್ಪು ಎಳೆದರು. ಮೇಲಿನದ್ದನ್ನು ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಕೈ ತಳಕ್ಕೆ ಇಳಿಯಿತು. ಅಲ್ಲೊಂದು ಗಂಟು ಸಿಕ್ಕಿತು. ಹೂವಿನ ಚಿತ್ತಾರದ ದಿಂಬಿನ ಕವರು, ಬಾಯಿ ಬಿಗಿಯಾಗಿ ಕಟ್ಟಿದ್ದು. ಎರಡು ಕೈಯಲ್ಲಿ ಎತ್ತಿ ಒಮ್ಮೆ ತೂಗಿದರು. ಉಣ್ಣೆ, ದಪ್ಪದ್ದು, ಎರಡೋ ಮೂರೋ. ಚೀಲದಲ್ಲಿ ಮೇಲೆಯೇ ಅವಳ ಸ್ವೆಟರು, ಕೋಟು, ಕಾಲುಚೀಲ ಎಲ್ಲ ಇರುವಾಗ ತಳದಲ್ಲಿ ಮತ್ತೆ ಇಷ್ಟು. ಬಿಚ್ಚಿ ನೋಡಲಿಲ್ಲ. (ಸಿದ್ಧಾಂತ.)

ಗಂಟು ಹೋಗಿ ಬಟ್ಟೆ ಒಗೆಯುವ ಮೆಷೀನಿನ ಹೊಟ್ಟೆ ಸೇರಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ಆದರೆ ಚೀಲದ ತಳ ಖಾಲಿ ಬಿದ್ದಿತ್ತು, ಖಾಲಿ ಜಾಗ ಬಿಟ್ಟು ಚೀಲ ಮುಚ್ಚಲು ಇಪ್ಪತ್ತು ವರ್ಷದ ಕೈ ಒಪ್ಪಲಿಲ್ಲ. ಹಳೆಯ ಪತ್ರಿಕೆ ತಂದು, ಕಾರ್ಖಾನೆಯಲ್ಲಿ ಕಪ್ಪುಗಳ ನಡುವೆ ತುಂಬುವ ಹಾಗೆಯೇ ಹಾಳೆಗಳನ್ನು ತಿರುಚಿ ಸುರುಳಿ ಮಾಡಿ, ಮೂಲೆಮೂಲೆಗೂ ಅಚ್ಚುಕಟ್ಟಾಗಿ ಒತ್ತಿದರು. ಈಗ ಚೀಲ ಹಗುರ, ಆದರೂ ಆಕಾರ ಕೆಟ್ಟಿಲ್ಲ. ತಮ್ಮ ಕೈಚಳಕಕ್ಕೆ ತಾವೇ ತಲೆದೂಗಿದರು.

ಬಂದರಿನಲ್ಲಿ ಡಾಕ್ಟರು ಉಣ್ಣೆ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಅಕ್ಕನ ಚೀಲ ತೆಗೆದುಕೊಂಡರು, ಪರವಾಗಿಲ್ಲ ಅಂತ ತಲೆಯಾಡಿಸಿದರು. ಭಾವನ ಚೀಲ ತೆಗೆದುಕೊಂಡರು. ಅದು ತೀರ ಹಗುರವಾಗಿದ್ದುದರಿಂದ ಕೈ ಅನವಶ್ಯಕವಾಗಿ ಮೇಲಕ್ಕೆ ಹಾರಿತು.

"ಇಷ್ಟೇನಾ ಭಾವ?"

"ಇಷ್ಟೇ," ಅಂದರು ಮೇಸ್ತ್ರಿ, ತೀರ ಸಾಮಾನ್ಯ ಸಂಗತಿ ಎಂಬಂತೆ.

ಬಂದರಿನ ಗೋಡೆ ದಾಟುವವರೆಗೆ ಬಿಸಿಲಿತ್ತು. ದೋಣಿ ಗೋಡೆ ದಾಟಿತು, ಹಾಯಿ ಏರಿತು, ಗಾಳಿ ಬಂತು. ಆ ಗಾಳಿಗೆ ಬೇಸಿಗೆ ಎಂಬುದು ಬಂದಿರುವ ವಿಷಯವನ್ನು ಯಾರೂ ತಿಳಿಸಿದಂತಿರಲಿಲ್ಲ. ಅದು ಮೇಸ್ತ್ರಿಯವರ ಅಂಗಿಯ ಗುಂಡಿಗಳ ಸಂದಿಯಿಂದ ಒಳಗೆ ಬಂದು, ಬೆನ್ನಿನ ಕಡೆಯಿಂದ ಹೊರಗೆ ಹೋಗಿ, ಮರೆತದ್ದೇನೋ ಇದೆ ಅಂತ ಮತ್ತೆ ವಾಪಸ್ಸು ಬಂತು. ಚೀಲದಲ್ಲಿದ್ದ ಇನ್ನೊಂದು ಅಂಗಿಯನ್ನೂ ಅದರ ಮೇಲೆ ಹಾಕಿಕೊಂಡರು. ಗಾಳಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಹೆಂಡತಿ ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಮಫ್ಲರು ಸುತ್ತಿಕೊಂಡು, ಬೆಚ್ಚಗೆ ಕೂತು ಕಾದಂಬರಿ ಬಿಚ್ಚಿದರು. ಮೇಸ್ತ್ರಿಯವರಿಗೆ ಗಾಳಿಯ ಮೇಲೆ ಸಿಟ್ಟು ಬಂತು, ಕಾದಂಬರಿಯ ಮೇಲೂ ಬಂತು.

ಪುಟ ತಿರುವುತ್ತಾ ಹೆಂಡತಿ ಕತ್ತೆತ್ತಿ ನೋಡಿದರು. ಗಂಡನ ತುಟಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಆಯ್ತಲ್ಲ ನಿಮ್ಮ ಶೂರತನ," ಅಂದರು ಮೆಲ್ಲಗೆ, ತಮ್ಮನಿಗೆ ಕೇಳದ ಹಾಗೆ. "ಇರಿ, ತರ್ತೀನಿ. ನಿಮ್ಮ ಸ್ವೆಟರು, ಉಣ್ಣೆ ಪ್ಯಾಂಟು, ಟೋಪಿ ಎಲ್ಲ ನನ್ನ ಚೀಲದ ತಳದಲ್ಲಿದೆ. ನಿಮ್ಮ ಚೀಲಕ್ಕೆ ಹಾಕಿದ್ರೆ ಎತ್ತಿ ಎಸೀತೀರ ಅಂತ ದಿಂಬಿನ ಕವರಲ್ಲಿ ಕಟ್ಟಿ ಇಟ್ಟಿದ್ದೀನಿ. ನಮ್ಮ ವಾರ್ಡಲ್ಲೂ ಹೀಗೇ, ಮಕ್ಕಳಿಗೆ ಹಣ್ಣಿನ ಜಾಮ್ ಒಳಗೆ ಮಾತ್ರೆ ಬಚ್ಚಿಟ್ಟು ಕೊಡ್ತೀವಿ."

ಮೇಸ್ತ್ರಿಯವರು ಹೆಂಡತಿಯ ಕೋಟಿನ ತೋಳು ಹಿಡಿಯಲು ಹೋದರು. "ಬೇಡ, ಬೇಡ, ನಂಗೇನೂ ಚಳಿ ಇಲ್ಲ," ಅನ್ನುವಷ್ಟರಲ್ಲಿ ಹೆಂಡತಿ ಏಣಿ ಇಳಿದು ಕೆಳಗಿನ ಕ್ಯಾಬಿನ್ನಿಗೆ ಹೋಗಿಯಾಗಿತ್ತು.

ಕೆಳಗಿನಿಂದ ಜಿಪ್ಪು ಎಳೆದ ಸದ್ದು ಬಂತು. ಆಮೇಲೆ ಕಾಗದದ ಪರಪರ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಮದುವೆಯಾದಾಗಿನಿಂದ ಮೇಸ್ತ್ರಿಯವರು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಈ ಮೂರನೆಯದಕ್ಕೆ.

ಇದೇ ಸಮಯಕ್ಕೆ ಚುಕ್ಕಾಣಿ ಹಿಡಿದು ಕೂತಿದ್ದ ಡಾಕ್ಟರು ಬಾಯಿ ಬಿಟ್ಟರು.

"ಭಾವ, ಒಂದು ಮಾತು ಹೇಳ್ತೀನಿ. ಈ ದೋಣಿಗೆ ಎಷ್ಟೋ ಜನ ಬಂದು ಹೋದ್ರು. ಎಲ್ರೂ ಮನೇನೇ ಕಟ್ಕೊಂಡು ಬರ್ತಾರೆ, ಹತ್ತಿದ ತಕ್ಷಣ ಚಳಿ ಚಳಿ ಅಂತ ಒದ್ದಾಡ್ತಾರೆ. ಈ ಗಾಳೀಲಿ ಬರೀ ಅಂಗೀಲಿ ಹೀಗೆ ಕಲ್ಲಿನ ಹಾಗೆ ಕೂತವರನ್ನ ನಾನು ನೋಡೇ ಇಲ್ಲ. ಗೋದಾಮು ಅಂತ ಅಂದುಬಿಟ್ಟೆ. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ."

ಯಾವ ಮಾತಿಗಾಗಿ ಬ್ರಷ್ಷು ಕೊಯ್ದು, ಟವೆಲ್ಲು ಕತ್ತರಿಸಿ, ಹೆಂಡತಿಯ ಚೀಲಕ್ಕೆ ಕನ್ನ ಹಾಕಿದ್ದರೋ ಆ ಮಾತು ಕೊನೆಗೂ ಬಂದಿತ್ತು. ಮೇಸ್ತ್ರಿಯವರು ಗಂಭೀರವಾಗಿ ತಲೆಯಾಡಿಸಿದರು. ಬಾಯಿ ತೆರೆಯುವ ಹಾಗಿರಲಿಲ್ಲ. ತೆರೆದರೆ ಹಲ್ಲು ಕಟಕಟ ಅನ್ನುತ್ತಿತ್ತು, ಎದುರಿಗಿದ್ದವನು ಹಲ್ಲಿನ ಡಾಕ್ಟರು.

ಹೆಂಡತಿ ಏಣಿ ಹತ್ತಿ ಬಂದರು. ಕೈಯಲ್ಲಿ ತಿರುಚಿದ ಪತ್ರಿಕೆಯ ಒಂದು ಸುರುಳಿ. ಆ ತಿರುಚು ಲೋಕದಲ್ಲಿ ಒಬ್ಬರ ಕೈಗೇ ಬರುವಂಥದ್ದು. ಸುರುಳಿಯನ್ನು ನೋಡಿದರು, ಗಂಡನನ್ನು ನೋಡಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಸಿಡಿಲಿಗೆ ಕಾದರು. ಸಿಡಿಲು ಬರಲಿಲ್ಲ. ಹೆಂಡತಿ ಕೂತುಕೊಂಡು ಕಾಗದವನ್ನು ತೊಡೆಯ ಮೇಲಿಟ್ಟು ಸಾವಕಾಶವಾಗಿ ನೇರ ಮಾಡತೊಡಗಿದರು.

"ಅಕ್ಕ, ಭಾವನಿಗೆ ಚಳೀನೇ ಆಗಲ್ವಾ?" ಅಂದರು ಡಾಕ್ಟರು. "ಬೇಕಿದ್ರೆ ನನ್ನ ಹತ್ರ ಇನ್ನೊಂದು ದಪ್ಪ ಸ್ವೆಟರ್ ಇದೆ. ಇರೋದೇ ಅದೊಂದು."

"ಅಯ್ಯೋ, ನಿನ್ನ ಭಾವನಿಗೆಲ್ಲಿಯ ಚಳಿ," ಅಂದರು ನರ್ಸಮ್ಮ. ವಾರ್ಡಿನಲ್ಲಿ ಸೂಜಿ ಚುಚ್ಚುವ ಮೊದಲು ಮಾತಾಡುವಂಥ ಮೆತ್ತನೆಯ ದನಿ. "ಅವರಿಗೆ ಹುಟ್ಟಿನಿಂದಲೂ ಮೈ ಬಿಸಿ. ಇಡೀ ವಾರ ನಿನ್ನ ಜೊತೆ ಹೊರಗೇ ಕೂರಿಸ್ಕೋ, ಗಾಳಿ ಅಂದ್ರೆ ಅವರಿಗೆ ಪ್ರಾಣ. ಆ ಸ್ವೆಟರ್ ನಂಗೆ ಕೊಡು. ಕಾಲಿಗೆ ಹೊದ್ಕೋತೀನಿ."

ಡಾಕ್ಟರು ಸ್ವೆಟರ್ ತೆಗೆದರು. ಆದರೂ ಮರ್ಯಾದೆಗೆ ಒಂದು ಮಾತು ಕೇಳಬೇಕಲ್ಲ.

"ನಿಮಗೆ ಬೇಡ ತಾನೆ ಭಾವ?"

ಮೇಸ್ತ್ರಿಯವರು ಸ್ವೆಟರನ್ನು ನೋಡಿದರು. ಹೆಂಡತಿಯ ತೊಡೆಯ ಮೇಲಿದ್ದ ಕಾಗದವನ್ನು ನೋಡಿದರು.

"ಬೇಡ," ಅಂದರು.

ಅದು ಪ್ರಯಾಣದ ಮೊದಲನೆಯ ದಿನ. ಇನ್ನೂ ಮಧ್ಯಾಹ್ನದ ಊಟವೂ ಆಗಿರಲಿಲ್ಲ.