ಸ್ಟೆಲ್ಲಾ ಆಂಟಿಯ ಮನೆಯ ಫ್ಯೂಸು

ಅರ್ಧ ಸ್ನಾನ ಮಾಡಿದ ಮನುಷ್ಯನಿಗೆ ಮಾನ ಮರ್ಯಾದೆ ಯಾವುದೂ ಇರುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ತಲೆಯ ತುಂಬ ಶಾಂಪೂ ನೊರೆ ಹೊತ್ತು, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು, ರಿಚರ್ಡ್ಸ್ ಟೌನಿನ ಹಳೆಯ ಮನೆಯೊಂದರ ಹದಿನೆಂಟು ಮೆಟ್ಟಿಲು ಇಳಿದಿಳಿದು ಕಲಿತದ್ದು. ನಾವು ಗಂಡ ಹೆಂಡತಿ ಇರುವುದು ಆ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಕೆಳಗೆ ಮನೆಯ ಒಡತಿ ಸ್ಟೆಲ್ಲಾ ಆಂಟಿ. ಮನೆ ನೋಡಲು ಬಂದ ದಿನ ನೀರು ಬರುತ್ತದೆಯೇ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು, ಒಗ್ಗರಣೆ ವಾಸನೆಗೆ ಆಕ್ಷೇಪಣೆಯಿದೆಯೇ ಎಂದೆಲ್ಲ ಕೇಳಿದೆ. ಫ್ಯೂಸ್ ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ. ದಾವಣಗೆರೆಯಲ್ಲಿ ಬೆಳೆದವನು ನಾನು. ಮನೆ ನೋಡಲು ಹೋಗಿ ಫ್ಯೂಸ್ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಅದು ಇದ್ದದ್ದು ಆಂಟಿಯ ಡ್ರಾಯಿಂಗ್ ರೂಮಿನ ಗೋಡೆಯ ಮೇಲೆ, ತೀರಿಕೊಂಡ ಅವರ ಯಜಮಾನರಾದ ಥಾಮಸ್ ಅಂಕಲ್ಲರ ಫೋಟೋದ ಪಕ್ಕದಲ್ಲಿ.

ಊರಲ್ಲೆಲ್ಲ ಈಗ ತಾನಾಗಿ ಬೀಳುವ ಸ್ವಿಚ್ಚುಗಳು ಬಂದಿವೆ. ಬಿದ್ದರೆ ಒಂದು ಬೆರಳಿನಲ್ಲಿ ಎತ್ತಿದರಾಯಿತು. ಆಂಟಿಗೆ ಅದು ಸೇರುವುದಿಲ್ಲ. "ಬಿತ್ತು, ಎತ್ತಿದ್ರಿ, ಮುಗೀತು. ಯಾಕೆ ಬಿತ್ತು ಅಂತ ಯಾರಾದ್ರೂ ಕೇಳ್ತಾರಾ ಪಾ?" ಎನ್ನುತ್ತಾರೆ. ಮೂವತ್ತು ವರ್ಷ ಗಣಿತ ಪಾಠ ಮಾಡಿದವರು ಅವರು. ಉತ್ತರ ಸರಿಯಿದ್ದರೆ ಸಾಲದು, ಹಂತಗಳನ್ನೂ ಬರೆಯಬೇಕು. ಅವರ ಮನೆಯಲ್ಲಿರುವುದು ಬಿಳಿ ಪಿಂಗಾಣಿಯ ಹಳೇ ಫ್ಯೂಸು. ಅದರೊಳಗಿನ ಸಣ್ಣ ತಂತಿ ಕರಗಿದರೆ ಮಹಡಿಯಲ್ಲಿ ಕತ್ತಲು, ಗೀಸರಿನಲ್ಲಿ ತಣ್ಣೀರು. ಆಗ ಆಂಟಿ ಬೀರು ತೆಗೆದು, ತಂತಿ ಸುತ್ತಿದ ರಟ್ಟನ್ನು ಹೊರತೆಗೆದು, ಒಂದೇ ಒಂದು ಎಳೆ ಕತ್ತರಿಸಿ ಹಾಕುತ್ತಿದ್ದರು. ಅದಕ್ಕೆ ಮುಂಚೆ ವಿಚಾರಣೆ.

"ಏನು ಹಾಕಿದ್ದೆ?"

"ಗೀಸರ್, ಆಂಟಿ."

"ಬರೀ ಗೀಸರಿಗೆ ಹೋಗಲ್ಲ ಅದು. ಜತೇಲಿ?"

"ಇಸ್ತ್ರಿ ಪೆಟ್ಟಿಗೆ."

"ಯಾರು ಹಾಕಿದ್ದು?"

ಇಲ್ಲಿಗೆ ಬಂದಾಗ ನಾನು ತಪ್ಪದೆ ಹೆಂಡತಿಯ ಹೆಸರು ಹೇಳುತ್ತಿದ್ದೆ. ಪಾಪ, ಅವಳು ನನ್ನದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು ಎಂಬ ಹಂತವನ್ನು ಬಿಟ್ಟುಬಿಡುತ್ತಿದ್ದೆ.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಹದೇವಪುರದ ನಮ್ಮ ಆಫೀಸಿನಲ್ಲಿ ಬೆಂಕಿ ಸುರಕ್ಷತೆಯ ಉಸ್ತುವಾರಿ ನನ್ನದೇ. ಆರು ತಿಂಗಳಿಗೊಮ್ಮೆ ಹಳದಿ ಜಾಕೆಟ್ ತೊಟ್ಟು, ಸೀಟಿ ಊದಿ, ನಾಲ್ಕು ಮಹಡಿಯ ಜನರನ್ನು ಅಂಗಳಕ್ಕೆ ಇಳಿಸುತ್ತೇನೆ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು, ಫ್ಯೂಸಿನ ಜತೆ ಚೆಲ್ಲಾಟ ಸಲ್ಲದು ಎಂದು ಭಾಷಣ ಮಾಡುತ್ತೇನೆ. ಜನ ಮೊಬೈಲ್ ನೋಡುತ್ತ ಕೇಳುತ್ತಾರೆ. ಬಹುಶಃ ನಾನೂ ಹಾಗೆಯೇ ಕೇಳಿಸಿಕೊಂಡಿರಬೇಕು.

ಒಂದು ಶನಿವಾರ ಬೆಳಿಗ್ಗೆ, ಆ ವಾರದಲ್ಲಿ ಮೂರನೆಯ ಸಲ, ಫ್ಯೂಸ್ ಹೋಯಿತು. ಎಂದಿನಂತೆ ಟವೆಲಿನಲ್ಲಿ ಇಳಿದು ಬಾಗಿಲು ತಳ್ಳಿದೆ. ಒಳಗೆ ಆಂಟಿಯ ಪ್ರಾರ್ಥನೆಯ ಗೆಳತಿಯರು ಏಳು ಜನ, ಕೈಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಇವತ್ತಾದರೂ ವಿಚಾರಣೆಗೆ ರಜೆ ಇರಬಹುದು ಎಂದುಕೊಂಡೆ. ಇರಲಿಲ್ಲ. ಏಳು ಜನರ ಮುಂದೆ, ಕಿವಿಯಿಂದ ನೊರೆ ತೊಟ್ಟಿಕ್ಕುತ್ತಿರುವಾಗ, ಗೀಸರಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಒಬ್ಬರು ತಮಿಳಿನಲ್ಲಿ "ಪಾವಂ" ಎಂದರು. ಆ ಕನಿಕರವೇ ನನ್ನನ್ನು ಕೆಡಿಸಿತು.

ಮರುದಿನ ಆಂಟಿ ಕೆ.ಆರ್. ಪುರದ ತಂಗಿಯ ಮನೆಗೆ ಹೊರಟರು. ಗಿಡಕ್ಕೆ ನೀರು ಹಾಕು ಪಾ ಎಂದು ಮನೆಯ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ನಾನು ಗಿಡಕ್ಕೆ ನೀರೂ ಹಾಕಿದೆ, ಫ್ಯೂಸಿಗೆ ಬೇರೆ ತಂತಿಯನ್ನೂ ಹಾಕಿದೆ. ಕೆಟ್ಟು ಮೂಲೆಗೆ ಬಿದ್ದಿದ್ದ ಹಳೆಯ ಮಿಕ್ಸಿಯ ವೈರನ್ನು ಸುಲಿದು, ಒಳಗಿನ ತಾಮ್ರದ ಎಳೆಗಳನ್ನೆಲ್ಲ ಒಟ್ಟಿಗೆ ಹೊಸೆದು, ಬಿಗಿಯಾಗಿ ಕೂರಿಸಿದೆ. ಥಾಮಸ್ ಅಂಕಲ್ ರೈಲ್ವೆ ಯೂನಿಫಾರ್ಮಿನಲ್ಲಿ, ದಪ್ಪ ಮೀಸೆಯೊಳಗಿಂದ ನನ್ನನ್ನು ನೋಡುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ.

ವಾಪಸು ಬಂದ ಆಂಟಿ ಫ್ಯೂಸಿನ ಕಡೆ ನೋಡಲಿಲ್ಲ. ಆಮೇಲಿನ ಮೂರು ವಾರ ನಾವು ರಾಜಭೋಗ ಅನುಭವಿಸಿದೆವು. ಗೀಸರ್, ಇಸ್ತ್ರಿ, ಮಿಕ್ಸಿ, ಎಲ್ಲವೂ ಒಟ್ಟಿಗೆ. "ಏನ್ರೀ ಇದು, ಫ್ಯೂಸೇ ಹೋಗ್ತಿಲ್ಲಲ್ಲ!" ಎಂದು ಹೆಂಡತಿ ಆಶ್ಚರ್ಯಪಟ್ಟಳು. ಕಾಲ ಬದಲಾಗುತ್ತೆ ಎಂದೆ.

ನಾಲ್ಕನೆಯ ಶನಿವಾರ ಸ್ನಾನದ ಮಧ್ಯೆ ಕೆಳಗಿನಿಂದ ಕಮರು ವಾಸನೆ ಬಂತು. ಹಿಂದೆಯೇ ಆಂಟಿಯ ಕೂಗು. ಹಳೇ ಮನೆಯ ವೈರುಗಳೆಲ್ಲ ಮರದ ಪಟ್ಟಿಯೊಳಗೆ ಗೋಡೆಯ ಮೇಲೇ ಹಾದುಹೋಗುತ್ತವೆ. ನಾನು ಹೊಸೆದಿದ್ದ ದಪ್ಪ ತಂತಿ ಕರಗಲಿಲ್ಲ, ಅದರ ಬದಲು ಗೋಡೆಯ ವೈರು ಕಾದು ಪಟ್ಟಿ ಹೊತ್ತಿಕೊಂಡಿತ್ತು. ಉಸ್ತುವಾರಿಯಾದ ನಾನು ಏನು ಮಾಡಿದೆ? ಒಂದು ಬಕೆಟ್ ಬಿಸಿನೀರು ಎತ್ತಿಕೊಂಡು ಓಡಿದೆ. "ನೀರು ಬೇಡಾ! ಅಲ್ಲೇ ನಿಲ್ಲು!" ಎಂದು ಆಂಟಿ ಕ್ಲಾಸಿನಲ್ಲಿ ಅರಚಿದಂತೆ ಅರಚಿ, ಮೇನ್ ಸ್ವಿಚ್ ಇಳಿಸಿ, ಕ್ರೋಟನ್ ಕುಂಡದ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಎರಚಿದರು. ಬೆಂಕಿ ಆರಿತು. ಪಟ್ಟಿಯ ಕೆಳಗಿದ್ದ ಥಾಮಸ್ ಅಂಕಲ್ಲರ ಫೋಟೋ ಒಂದು ಕಡೆ ಸುಟ್ಟು, ಅರ್ಧ ಮೀಸೆ ಮಾತ್ರ ಉಳಿದಿತ್ತು. ಆಂಟಿ ಸೆರಗಿನಿಂದ ಮಸಿ ಒರೆಸಿದರು. ಮೀಸೆ ಬರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಶಿವಾಜಿನಗರದಿಂದ ಎಲೆಕ್ಟ್ರಿಷಿಯನ್ ನಯಾಜ್ ಭಾಯ್ ಬಂದರು. ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದರು. "ಅರೇ, ಯಾರು ಹಾಕಿದ್ದು ಇದು? ಫ್ಯೂಸಲ್ಲ ಇದು, ಬಟ್ಟೆ ಒಣಹಾಕೋ ತಂತಿ! ಮನೇನೇ ಹೋಗ್ತಿತ್ತಲ್ಲ, ಮೇಡಂ."

ಯಾರು ಹಾಕಿದ್ದು? ಅದೇ ಪ್ರಶ್ನೆ. ಈ ಸಲ ಹೆಂಡತಿಯ ಹೆಸರು ಹೇಳುವ ಹಾಗಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಂಟಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ತಂತಿಯನ್ನೇ ನೋಡಿದರು.

"ನಾನೇ ಹಾಕಿರ್ಬೇಕು. ಇದನ್ನ ಮುಟ್ಟೋದು ನಾನೊಬ್ಳೇ ತಾನೆ? ಕಣ್ಣು ಹೋಯ್ತು ನೋಡು, ಯಾವ ತಂತಿ ಅಂತಾನೂ ಗೊತ್ತಾಗಿಲ್ಲ. ನಿಮ್ಮಿಬ್ರನ್ನ ಸುಟ್ಟುಬಿಡ್ತಿದ್ದೆ ಪಾ" ಎಂದರು. ಬೀರು ತೆಗೆದು ಫ್ಯೂಸ್ ತಂತಿಯ ರಟ್ಟನ್ನು ನನ್ನ ಕೈಗಿಟ್ಟರು. "ಇನ್ಮೇಲೆ ನೀನೇ ಹಾಕು. ನಿನಗಾದ್ರೆ ಆಫೀಸಲ್ಲಿ ಟ್ರೈನಿಂಗ್ ಆಗಿದೆ."

ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡೆ. ಹೇಳಿದರೆ ಮನೆ ಬಿಡಿಸಿಯಾರು ಎಂಬ ಹೆದರಿಕೆಯಲ್ಲ. ನನ್ನನ್ನು ನಂಬಿ ಕೀಲಿ ಕೊಟ್ಟದ್ದು ಅವರಿಗೆ ನೆನಪಾದೀತು ಎಂಬ ಹೆದರಿಕೆ. ಮೊನ್ನೆ ಮತ್ತೆ ಫ್ಯೂಸ್ ಹೋಯಿತು. ಟವೆಲಿನಲ್ಲಿ ಇಳಿದೆ. ಆಂಟಿ ಬಾಗಿಲು ತೆರೆದು, ಏನೂ ಕೇಳದೆ ಪಕ್ಕಕ್ಕೆ ಸರಿದರು. "ಗೀಸರ್ ಜತೆ ಇಸ್ತ್ರಿ ಹಾಕಿದ್ದು ನಾನೇ, ಆಂಟಿ. ಹೆಂಡತಿಯಲ್ಲ" ಎಂದೆ. ಅಷ್ಟಾದರೂ ಸತ್ಯ ಹೇಳಿದೆನಲ್ಲ ಎಂಬ ಸಮಾಧಾನ ನನಗೆ.

"ಹೋಗ್ಲಿ ಬಿಡು ಪಾ. ತಪ್ಪು ಯಾರಿಂದ ಆಗಲ್ಲ? ನನ್ನನ್ನೇ ನೋಡು."

ನಾನು ಅವರನ್ನು ನೋಡಲಿಲ್ಲ. ಅರ್ಧ ಮೀಸೆಯ ಅಂಕಲ್ಲರನ್ನೂ ನೋಡಲಿಲ್ಲ. ಒಂದೇ ಎಳೆ ಕತ್ತರಿಸಿ, ಒಂದೇ ಹೌದೋ ಎಂದು ಮೂರು ಸಲ ಎಣಿಸಿ ಹಾಕಿದೆ.

"ಕಣ್ಣು ಯಾಕೆ ಕೆಂಪಗಿದೆ?" ಎಂದು ಆಂಟಿ ಕೇಳಿದರು.

"ಶಾಂಪೂ, ಆಂಟಿ."

ಹಂತಗಳನ್ನು ಅವರು ಕೇಳಲಿಲ್ಲ.